ಮರುಮುದ್ರಣದ ಎಲ್‌ಪಿ ಮನೆಗೆ ಬಂದಾಗ

ಇಂಡೀ ರಾಕ್ ಗಾಯಕನೊಬ್ಬನ ಮೊದಲ ಸೋಲೋ ಆಲ್ಬಮ್ಮಿನ ಮರುಮುದ್ರಣದ ಎಲ್‌ಪಿಯನ್ನು, ಎಂದರೆ ಹೊಸದಾಗಿ ಒತ್ತಿದ ವಿನೈಲ್ ಗ್ರಾಮಫೋನ್ ತಟ್ಟೆಯನ್ನು, ಹುಬ್ಬಳ್ಳಿಗೆ ತರಿಸಿಕೊಂಡವರು, ಪಾರ್ಸೆಲ್ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಬಂದಿದ್ದರೆ, ಅದನ್ನು ಒಡನೆಯೇ ನುಡಿಸದೆ ಒಂದು ರಾತ್ರಿ ನೆರಳಿನಲ್ಲಿ ನೆಟ್ಟಗೆ ನಿಲ್ಲಿಸಿಡಬೇಕು. ಕಾದ ವಿನೈಲ್ ಬೇಗ ಬಾಗುತ್ತದೆ. ಬಳಿಕ ಅಂಚನ್ನೂ ನಡುವಿನ ಲೇಬಲ್ಲನ್ನೂ ಮಾತ್ರ ಮುಟ್ಟಿ ತಟ್ಟೆಯನ್ನು ಹಿಡಿದು, ಕಿಟಕಿಯ ಬೆಳಕಿಗೆ ಓರೆ ಮಾಡಿ ಗೀರುಗಳನ್ನು ಹುಡುಕಬೇಕು. ಕೊನೆಯ ಹಾಡು ಮುಗಿದಲ್ಲಿಂದ ಲೇಬಲ್ಲಿನವರೆಗಿನ ನುಣುಪು ಪಟ್ಟಿಯಲ್ಲಿ ಕೊರೆದಿರುವ ಅಕ್ಷರ, ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಇದು ಯಾವ ಮುದ್ರಣವೆಂದು ತಿಳಿಯಲು ಕವಚದ ಮೇಲಿನ ಹೊಗಳಿಕೆಗಿಂತ ಅವೇ ಹೆಚ್ಚು ನಂಬಲರ್ಹ. 180 ಗ್ರಾಂ ಎಂಬ ಚೀಟಿ ತೂಕವನ್ನು ಹೇಳುತ್ತದೆಯೇ ಹೊರತು ನಾದದ ಗುಣವನ್ನಲ್ಲ. ವೇಗ ನಿಮಿಷಕ್ಕೆ 33⅓ ಸುತ್ತೋ 45 ಸುತ್ತೋ ಎಂಬುದನ್ನು ನೋಡಿಕೊಂಡು, ಧೂಳನ್ನು ಬ್ರಶ್ಶಿನಿಂದ ತೆಗೆದ ಮೇಲೆಯೇ ಸೂಜಿಯನ್ನಿಳಿಸಿ. ಮನೆಯಲ್ಲಿ ಗಂಗೂಬಾಯಿ ಹಾನಗಲ್ಲರ ಹಳೆಯ 78 ಸುತ್ತಿನ ತಟ್ಟೆಗಳಿದ್ದರೆ, ಅವುಗಳ ಅಗಲವಾದ ಗೆರೆಗಳಿಗೆಂದು ಮಾಡಿದ ಸೂಜಿಯನ್ನು ಈ ಎಲ್‌ಪಿಗೆ ಬಳಸಲೇಬಾರದು.