ಫೋನ್ ಎತ್ತುವವರ ಸಂಬಳಕ್ಕೆ ಪಂಚಾಯಿತಿ ದುಡ್ಡು: ನನ್ನ ಅನುಭವ

ಹಾವೇರಿ ಜಿಲ್ಲೆಯ ಹಳ್ಳಿಗಳಿಗೆ ನಮ್ಮ ಸಣ್ಣ ಸಂಘ ಒಂದು ಮಾಹಿತಿ ಸಹಾಯವಾಣಿ ನಡೆಸುತ್ತದೆ. ಪಿಂಚಣಿ ನಿಂತಿದೆ, ಯಾರನ್ನು ಕೇಳಲಿ? ಮಗನಿಗೆ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಬೇಕು, ಎಲ್ಲಿಗೆ ಹೋಗಲಿ? ಹೀಗೆ ಕೇಳಿದವರನ್ನು ಸರಿಯಾದ ಕಚೇರಿಗೆ ಮುಟ್ಟಿಸುವುದು ನಮ್ಮ ಕೆಲಸ.

ಅನುದಾನ ಕೇಳಲು ಹೋದಲ್ಲೆಲ್ಲ ಒಂದೇ ಪ್ರಶ್ನೆ: ಸರ್ಕಾರದ್ದೇ ಇಷ್ಟೊಂದು ಸಹಾಯವಾಣಿ ಇವೆಯಲ್ಲ, ನಿಮ್ಮದು ಯಾಕೆ? ನಿಜ. ಹಿರಿಯರಿಗೆ 14567, ಹೆಂಗಸರಿಗೆ 181, ಮಕ್ಕಳಿಗೆ 1098, ಮನಸ್ಸಿನ ಕಷ್ಟಕ್ಕೆ 14416, ಉಚಿತ ಕಾನೂನು ನೆರವಿಗೆ 15100. ಆದರೆ ಗಂಡನ ಹೊಡೆತ ತಾಳದೆ ತವರಿಗೆ ಬಂದವಳ ರೇಷನ್ ಕಾರ್ಡ್ ಗಂಡನ ಮನೆಯಲ್ಲೇ ಇದೆ, ಮಗುವಿನ ಶಾಲೆ ಬಿಟ್ಟುಹೋಗಿದೆ ಅಂದ್ರೆ ಅವಳು ಯಾವ ನಂಬರ್ ಒತ್ತಬೇಕು? ಅವಳ ಮಾತನ್ನು ಪೂರ್ತಿ ಕೇಳಿ, ಮೊದಲು ಇಲ್ಲಿಗೆ, ಆಮೇಲೆ ಅಲ್ಲಿಗೆ ಅಂತ ಹೇಳುವ ಒಬ್ಬರು ಬೇಕು ಅಲ್ವಾ?

ಇದನ್ನು ಸುಮ್ನೆ ಬಾಯಲ್ಲಿ ಹೇಳಿದರೆ ದುಡ್ಡು ಬರುವುದಿಲ್ಲ. ನಮಗೆ ದಾರಿ ಮಾಡಿಕೊಟ್ಟಿದ್ದು ಕರೆಗಳ ರಿಜಿಸ್ಟರ್. ಊರು, ಕೇಳಿದ್ದೇನು, ಎಲ್ಲಿಗೆ ಕಳಿಸಿದೆವು, ಕೊನೆಗೆ ಏನಾಯಿತು ಎಂಬ ನಾಲ್ಕು ಕಾಲಂ. ಹೆಸರು ಬರೆಯುವುದಿಲ್ಲ. ಒಂದು ಸಾಲು ಹೀಗಿದೆ: ‘ಸಂಧ್ಯಾ ಸುರಕ್ಷಾ (ಹಿರಿಯರ ಪಿಂಚಣಿ) ನಿಂತಿದೆ. ನಾಡಕಚೇರಿಗೆ ಕಳಿಸಿದೆವು. ಖಾತೆಗೆ ಆಧಾರ್ ಜೋಡಣೆ ಆಗಿಲ್ಲ ಅಂದರು. ಬ್ಯಾಂಕಿಗೆ ಕಳಿಸಿದೆವು. ಹಣ ಬಂತು.’ ಆ ಕೊನೆಯ ಎರಡು ಪದ ಬರೆಯಲು ನಾವೇ ತಿರುಗಿ ಫೋನ್ ಮಾಡಬೇಕು. ಆ ಫೋನ್ ಮಾಡದಿದ್ದರೆ ನಮ್ಮ ಕೆಲಸ ಅರ್ಧವೇ ಆದಂತೆ.

ಊರುವಾರು ಹಾಳೆ ಮಾಡಿ, ಆಯಾ ಪಂಚಾಯಿತಿಗೆ ಅವರ ಊರುಗಳದ್ದಷ್ಟೇ ಕೊಟ್ಟೆವು. ತಮ್ಮ ಜನ ಏನು ಕೇಳುತ್ತಿದ್ದಾರೆ ಅಂತ ಕಂಡ ಮೇಲೆ ಸದಸ್ಯರು ಕೂತು ಓದಿದರು.

ಇನ್ನು ದುಡ್ಡಿನ ಲೆಕ್ಕ. ಕೇಂದ್ರದಿಂದ ಪಂಚಾಯಿತಿಗೆ ಬರುತ್ತಿದ್ದ 15ನೇ ಹಣಕಾಸು ಆಯೋಗದ 2021ರಿಂದ 2026ರವರೆಗಿನ ಅನುದಾನದಲ್ಲಿ ಶೇ 60 ಭಾಗ ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದ ಶೇ 40ರಲ್ಲೂ ಸಂಬಳ ಕೊಡುವಂತಿರಲಿಲ್ಲ. ಸಹಾಯವಾಣಿಯ ಖರ್ಚಿನಲ್ಲಿ ಜಾಸ್ತಿ ಪಾಲು ಸಂಬಳವೇ! ಕಂಪ್ಯೂಟರ್, ಫೋನ್ ಕೊಡಿಸಲು ಯಾರಾದರೂ ಸಿಗುತ್ತಾರೆ, ಫೋನ್ ಎತ್ತುವವಳಿಗೆ ತಿಂಗಳ ದುಡ್ಡು ಕೊಡಲು ಸಿಗುವುದಿಲ್ಲ. ಹಾಗಾಗಿ ನಾವು ಕೇಳಿದ್ದು ಪಂಚಾಯಿತಿಯ ಸ್ವಂತ ಸಂಪನ್ಮೂಲದಿಂದ, ಅಂದರೆ ಮನೆ ಕಂದಾಯ, ಅಂಗಡಿ ಬಾಡಿಗೆಯ ಹಣದಿಂದ. ಒಂದೇ ಪಂಚಾಯಿತಿಗೆ ಅದು ಭಾರ. ಅಕ್ಕಪಕ್ಕದವರೂ ಸೇರಿ ಹಂಚಿಕೊಂಡರು.

ಆ ಸ್ವಂತ ಹಣದಲ್ಲೇ ಅಂಗವಿಕಲರಿಗೆ ಮೀಸಲಿಟ್ಟ ಶೇ 5ರಲ್ಲಿ ತಗೊಳ್ಳಿ ಅಂತ ಕೆಲವರು ಸಲಹೆ ಕೊಟ್ಟರು. ನಾನು ಬೇಡವೇ ಬೇಡ ಅಂದೆ. ಆ ಹಣ ಅವರ ಗಾಲಿಕುರ್ಚಿಗೆ, ಶ್ರವಣ ಯಂತ್ರಕ್ಕೆ ಹೋಗಬೇಕು.

ದಾರಿ ನೇರವಾಗಿದೆ, ಆದರೆ ನಿಧಾನ. ಗ್ರಾಮಸಭೆಯಲ್ಲಿ ಜನರೇ ಎದ್ದು ಬೇಡಿಕೆ ಇಡಬೇಕು, ಅದು ಪಂಚಾಯಿತಿ ಅಭಿವೃದ್ಧಿ ಯೋಜನೆಗೆ ಸೇರಬೇಕು, ಆಮೇಲೆ ಸಾಮಾನ್ಯ ಸಭೆಯಲ್ಲಿ ಠರಾವು ಆಗಬೇಕು. ಗ್ರಾಮಸಭೆಯಲ್ಲಿ ನಾವು ಮಾತಾಡಲಿಲ್ಲ. ಪಿಂಚಣಿ ಮತ್ತೆ ಶುರುವಾದ ಅಜ್ಜಿಯರು ಮಾತಾಡಿದರು. ಸಂಘದ ನೋಂದಣಿ, ಆಡಿಟ್ ಆದ ಲೆಕ್ಕ, ಇದಕ್ಕೇ ಬೇರೆ ಬ್ಯಾಂಕ್ ಖಾತೆ, ಹಣ ಬಳಕೆ ಪ್ರಮಾಣಪತ್ರ ಇವೆಲ್ಲ ಕೇಳುವ ಮೊದಲೇ ಕೈಯಲ್ಲಿರಲಿ.

ಕಂದಾಯ ವಸೂಲಿ ಚುರುಕಾಗುವುದು ಮಾರ್ಚ್ ಹತ್ತಿರ. ಅಲ್ಲಿಯವರೆಗೆ ಸಂಬಳ ನಿಲ್ಲದಂತೆ ಊರಿನವರ ದೇಣಿಗೆಯಲ್ಲಿ ಸ್ವಲ್ಪ ಎತ್ತಿಡುತ್ತೇವೆ.

ಇನ್ನೊಂದು ಕೆಲಸಕ್ಕೂ ದುಡ್ಡು ಕೇಳಿ ಪಡೆದೆವು. ಅಧಿಕಾರಿಗಳು ವರ್ಗ ಆಗುತ್ತಾರೆ, ಕಚೇರಿ ಜಾಗ ಬದಲಾಗುತ್ತದೆ, ಅರ್ಜಿ ನಮೂನೆಯೂ ಬದಲಾಗುತ್ತದೆ. ಹಳೇ ಮಾಹಿತಿ ಕೊಟ್ಟರೆ ಕೂಲಿ ಬಿಟ್ಟು ಹೋದವರ ಒಂದು ದಿನ ದಂಡ. ಅದಕ್ಕೇ ‘ತಿಂಗಳಿಗೊಮ್ಮೆ ಎಲ್ಲ ಕಚೇರಿಗೂ ಫೋನ್ ಮಾಡಿ ಪಟ್ಟಿ ಸರಿಪಡಿಸುವುದೂ ಸೇರಿ’ ಎಂಬ ಸಾಲನ್ನು ಪ್ರತಿ ಠರಾವಿನಲ್ಲೂ ಬರೆಸಿಕೊಳ್ಳುತ್ತೇವೆ.