ಬೂಷ್ಟು ಹಿಡಿದ, ಸಡಿಲವಾದ ಲೆದರ್ ವೆಸ್ಟ್ ಸರಿಯಾದದ್ದು ಹೀಗೆ

ಮಡಿಕೇರಿಯ ಮಳೆಗಾಲದಲ್ಲಿ ವೆಸ್ಟ್ ಮೇಲೆಲ್ಲ ಬಿಳಿ ಬೂಷ್ಟು. ಜೊತೆಗೆ ಸುತ್ತಳತೆ 6 ಸೆಂ.ಮೀ. ಹೆಚ್ಚು. ಭುಜದ ಹೊಲಿಗೆ ಮಾತ್ರ ಮೂಳೆಯ ತುದಿಗೆ ಸರಿಯಾಗಿ ಕೂತಿತ್ತು, ಅದಕ್ಕೇ ಕೈಹಾಕಿದ್ದು. ಭುಜವೇ ಜಾರಿದ್ದರೆ ಆಲ್ಟರ್ ಮಾಡಿಸುವುದು ದಂಡ.

ಮೊದಲು ಅಂಗಳದಲ್ಲಿ ಒಣ ಬ್ರಷ್‌ನಿಂದ ಬೂಷ್ಟು ಉದುರಿಸಿದೆ. ಮನೆಯೊಳಗೆ ಉಜ್ಜಿದರೆ ಬೀಜಕಣ ಎಲ್ಲೆಡೆ ಹರಡುತ್ತದೆ. ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್, ನೀರು ಸಮಪಾಲು ಬೆರೆಸಿ, ಬಣ್ಣ ಬಿಡುವುದೇ ಎಂದು ಕಾಲರ್ ಅಡಿಯಲ್ಲಿ ನೋಡಿ, ಹಿಂಡಿದ ಬಟ್ಟೆಯಲ್ಲಿ ಒರೆಸಿದೆ. ಎರಡು ದಿನ ಫ್ಯಾನ್ ಗಾಳಿ. ಒಲೆಯ ಪಕ್ಕವಾಗಲಿ, ಕಾಫಿ ಕಣದ ಬಿಸಿಲಾಗಲಿ ಬೇಡ. ಚರ್ಮ ಸೆಟೆದು ಬಿರಿಯುತ್ತದೆ.

ಹೊಲಿಗೆಯೇ ಸೂಕ್ಷ್ಮ ಕೆಲಸ. ಚರ್ಮದಲ್ಲಿ ಸೂಜಿ ತೂತು ಮುಚ್ಚಿಕೊಳ್ಳುವುದಿಲ್ಲ, ಆದ್ದರಿಂದ ಪಿನ್ ಬದಲು ಕ್ಲಿಪ್. ಚಳಿಗಾಲದ ಸ್ವೆಟರ್ ಮೇಲೆ ತೊಟ್ಟೇ ಅಳತೆ ನೋಡಿ. ಲೈನಿಂಗ್‌ನ ಕೆಳಅಂಚು ಬಿಚ್ಚಿ, ಎರಡೂ ಪಕ್ಕದ ಹೊಲಿಗೆಯನ್ನು 1.5 ಸೆಂ.ಮೀ. ಒಳಗೆ ತಂದೆ: ಪ್ರತಿ ಪಕ್ಕಕ್ಕೆ ಮುಂದಿನದೊಂದು, ಹಿಂದಿನದೊಂದು, ಹೀಗೆ ನಾಲ್ಕು ಅಂಚು ಸೇರಿ 6. ಹಳೆಯ ತೂತುಗಳು ಒಳಗೇ ಉಳಿದವು. ಸಡಿಲ ಮಾಡಲು ಹೊರಟರೆ ಅವೇ ಹೊರಗೆ ಕಾಣುತ್ತವೆ.

100ನೇ ನಂಬರ್ ಲೆದರ್ ಸೂಜಿ, ಪಾಲಿಯೆಸ್ಟರ್ ದಾರ, ಚರ್ಮಕ್ಕೆ ಅಂಟದೆ ಜಾರುವ ಟೆಫ್ಲಾನ್ ಫುಟ್ (ಮೆಷಿನ್‌ನಲ್ಲಿ ಚರ್ಮವನ್ನು ಒತ್ತಿಹಿಡಿಯುವ ಪಾದ), 3.5 ಮಿ.ಮೀ. ಉದ್ದದ ಹೊಲಿಗೆ. ಇನ್ನೂ ಒತ್ತಾಗಿ ಹೊಲಿದರೆ ಅಂಚೆಚೀಟಿಯಂತೆ ಹರಿಯುತ್ತದೆ. ತುದಿಯಲ್ಲಿ ರಿವರ್ಸ್ ಹೊಡೆಯದೆ ಕೈಯಲ್ಲೇ ಗಂಟು ಹಾಕಬೇಕು. ಹೊಲಿಗೆಯ ಒಳಅಂಚುಗಳನ್ನು ಎರಡೂ ಬದಿಗೆ ಮಡಚಿ ರಬ್ಬರ್ ಸೊಲ್ಯೂಷನ್ (ಅಂಟು) ಹಚ್ಚಿ, ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ; ಇಸ್ತ್ರಿ ಬೇಡವೇ ಬೇಡ. ಲೈನಿಂಗನ್ನೂ ಅಷ್ಟೇ ಒಳಗೆ ತರದಿದ್ದರೆ ಒಳಗೆ ಸುಕ್ಕುಗಟ್ಟುತ್ತದೆ.

ಈಗ ಅಗಲ ಹ್ಯಾಂಗರ್‌ನಲ್ಲಿ, ಹತ್ತಿ ಚೀಲದೊಳಗಿದೆ. ಪ್ಲಾಸ್ಟಿಕ್ ಕವರ್ ಹಾಕಿದರೆ ಬೂಷ್ಟು ಮತ್ತೆ ಬರುತ್ತದೆ.