ಚೆನ್ನೈ ಸಮ್ಮೇಳನಕ್ಕೆ ಹೋಗುವವರು ಎಗ್ಮೋರಿಗೂ ಒಂದು ದಿನ ತೆಗೆದಿಡಿ

ವಂಶಾವಳಿ ಹುಡುಕುತ್ತಿರುವ ಕಾಸರಗೋಡಿನ ಬಂಧುಗಳೇ, 1956ರ ನವೆಂಬರ್ 1ರವರೆಗೆ ನಮ್ಮ ತಾಲೂಕು ಮದ್ರಾಸಿನ ಆಡಳಿತದಲ್ಲಿದ್ದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಹಾಗಾಗಿ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರವನ್ನು (ಹಳೆಯ ಸರ್ಕಾರಿ ಕಡತಗಳ ಸಂಗ್ರಹ) ನೋಡದೆ ಚೆನ್ನೈಯಿಂದ ಮರಳಬೇಡಿ.

ಗೋಷ್ಠಿಗಳ ನಡುವಿನ ಬಿಡುವಿನಲ್ಲಿ ಹೋಗಿಬರುವ ಯೋಚನೆ ಮಾತ್ರ ಬೇಡ. ಕಡತಕ್ಕೆ ಚೀಟಿ ಕೊಟ್ಟು ಕಾಯಬೇಕಾಗುತ್ತದೆ. ಸಮ್ಮೇಳನ ಶನಿವಾರ, ಭಾನುವಾರವಿದ್ದರೆ ಗುರುವಾರವೇ ರೈಲು ಹತ್ತಿ, ಶುಕ್ರವಾರವಿಡೀ ಅಲ್ಲಿ ಕೂರಿ. ಓದಲು ಅನುಮತಿ ಬೇಕು, ಅದಕ್ಕೆ ಕೆಲವು ವಾರ ಮೊದಲೇ ಬರೆಯಿರಿ.

ಆದರೆ ಮುಕ್ಕಾಲು ಕೆಲಸ ಮನೆಯಲ್ಲೇ ಇದೆ. ಅಟ್ಟದ ಪೆಟ್ಟಿಗೆಯಲ್ಲಿರುವ ಮೂಲಗೇಣಿ ಚೀಟು (ಶಾಶ್ವತ ಗೇಣಿಯ ಪತ್ರ), ಪಾಲುಪಟ್ಟಿ, ತೀರ್ವೆ (ಭೂಕಂದಾಯ) ರಶೀದಿಗಳನ್ನು ತೆಗೆದು ಗ್ರಾಮ, ವರ್ಗದಾರರ (ಜಮೀನಿನ ಹಕ್ಕುದಾರರ) ಹೆಸರು, ಇಸವಿ ಗುರುತು ಮಾಡಿಕೊಳ್ಳಿ. ಇಸವಿ, ಇಲಾಖೆ ಗೊತ್ತಿಲ್ಲದೆ ಅಷ್ಟು ಕಡತಗಳ ನಡುವೆ ಹುಡುಕುವುದು ತುಂಬ ಕಷ್ಟ. ಅಳಿಯಕಟ್ಟಿನ (ತಾಯಿಯ ಕಡೆಯಿಂದ ಆಸ್ತಿ ಇಳಿದುಬರುವ ಪದ್ಧತಿಯ) ಕುಟುಂಬವಾದರೆ ತಾಯಿ, ಅಜ್ಜಿ, ಸೋದರಮಾವಂದಿರ ಹೆಸರೇ ದಾರಿ. ಅಪ್ಪನ ಕಡೆಯಿಂದ ಹೊರಟರೆ ಆಸ್ತಿಯ ಕೊಂಡಿ ತಪ್ಪಿಹೋಗುತ್ತದೆ. ಮನೆಯಲ್ಲಿ ಹಿರಿಯರಿದ್ದರೆ ದಯವಿಟ್ಟು ಈ ವಾರವೇ ಅವರ ಬಳಿ ಕೂತು ಕೇಳಿ, ಕಡತಗಳು ಮುಂದಿನ ವರ್ಷವೂ ಅಲ್ಲೇ ಇರುತ್ತವೆ.

ನೋಡಿದ ಪ್ರತಿ ಕಡತದ ಸಂಖ್ಯೆ, ಇಲಾಖೆ, ದಿನಾಂಕ ಬರೆದಿಡಿ. ಏನೂ ಸಿಗದ ಕಡತದ್ದೂ ಬರೆಯಿರಿ, ಇನ್ನೊಬ್ಬರ ಒಂದು ದಿನ ಉಳಿಯುತ್ತದೆ.